ಹಗಲಿನ ಚೀಲ, ಸಂಜೆಯ ಚೀಲ

ಒಮಾನಿನಿಂದ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಾನು ಖರ್ಜೂರ ಕೊಟ್ಟೆ, ಅತ್ತರಿನ ಬಾಟಲಿ ತೆಗೆದು ಕೈಗೆ ಸವರಿದೆ, ಫೋಟೊ ತೋರಿಸಿದೆ. ಸಮುದ್ರದ ಎದುರು ನಾನು, ಬಿಳಿ ಮಸೀದಿಯ ಎದುರು ನಾನು, ಒಂಟೆಯಿಂದ ಸಾಕಷ್ಟು ದೂರದಲ್ಲಿ ನಾನು. ತಮ್ಮ ಎಲ್ಲಿ ಎಂದು ಯಾರೋ ಕೇಳಿದರು. ಫೋಟೊ ತೆಗೆದವನೇ ಅವನಲ್ಲವೇ ಎಂದೆ. ಅದು ಸುಳ್ಳಲ್ಲ. ಆದರೆ ಅವನಿದ್ದ ಫೋಟೊಗಳೂ ಇದ್ದವು. ಅವನ್ನು ಸೀರೆಯ ಮಡಿಕೆಯೊಳಗೆ ಇಟ್ಟಿದ್ದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕುಂದಾಪುರದಲ್ಲಿ ಮನೆಯ ಚಾವಡಿಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ವಾರಪತ್ರಿಕೆಯಲ್ಲಿ ಬರುವ ಪ್ರವಾಸದ ಬರಹಗಳನ್ನು ಬಿಡದೆ ಓದುತ್ತೇನೆ. ಅವುಗಳಲ್ಲಿ ಜನ ತಾವು ಕಂಡದ್ದನ್ನು ಬರೆಯುತ್ತಾರೆ. ನಾನು ಆ ದೇಶದಲ್ಲಿ ಕಣ್ಣೆದುರು ಇದ್ದುದನ್ನು ಕಾಣದವಳ ಹಾಗೆ ಇದ್ದು ಬಂದೆ. ಬರೆಯಬೇಕಾದದ್ದು ಅದನ್ನೇ.

ಹೋದದ್ದು ಎರಡು ಸಾವಿರದ ಐದರ ಆಷಾಢದಲ್ಲಿ. ಮಗಳು ಶುಭಾಳಿಗೆ ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಮದುವೆ ದೀಪಾವಳಿ ಕಳೆದ ಮೇಲೆ ಎಂದು ಮಾತಾಗಿತ್ತು. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ನನಗಿರುವುದು ಒಬ್ಬನೇ ತಮ್ಮ, ಭಾಸ್ಕರ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಶುಭಾಳ ಶಾಲೆ, ಕಾಲೇಜು, ಕಿವಿಯ ಓಲೆ ಎಲ್ಲ ಅವನದೇ. ಅವಳು ಚಿಕ್ಕವಳಿದ್ದಾಗ ರಜೆಯಲ್ಲಿ ಬಂದರೆ ಹೆಗಲ ಮೇಲೆ ಕೂರಿಸಿಕೊಂಡು, ಮಂಟಪಕ್ಕೂ ಹೀಗೇ ಹೊತ್ತುಕೊಂಡು ಹೋಗುತ್ತೇನೆ ಎನ್ನುತ್ತಿದ್ದ. ಮದುವೆಗೆ ಫೋನಿನಲ್ಲಿ ಕರೆಯಬೇಡ, ಇಲ್ಲಿಗೇ ಬಂದು ಕರೆ, ನಾನಿರುವ ಊರನ್ನೂ ನೋಡಿದ ಹಾಗಾಗುತ್ತದೆ ಎಂದು ಅವನೇ ವೀಸಾ, ಟಿಕೆಟು ಕಳಿಸಿದ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಹುಡುಗನ ಸೋದರತ್ತೆ ಸುಮಿತ್ರಾ ಅವರೂ ಮಸ್ಕತ್ತಿನಲ್ಲಿದ್ದರು. ಅವರ ಗಂಡನಿಗೆ ರುಸೈಲಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ದೊಡ್ಡ ಕೆಲಸ. ಜಾತಿಯಲ್ಲಿ ನಮ್ಮವರೇ. ಅಜ್ಜನ ಕಾಲದಲ್ಲಿ ಹೋಟೆಲು ಇಡಲು ಮೈಸೂರಿಗೆ ಹೋಗಿ ಅಲ್ಲಿಯವರೇ ಆದವರು. ಹೆಣ್ಣು ನೋಡಲು ಸುಮಿತ್ರಾ ಅವರೂ ಬಂದಿದ್ದರು. ನಿಮ್ಮ ತಮ್ಮ ಅಲ್ಲೇನು ಮಾಡುತ್ತಾರೆ ಎಂದು ಕೇಳಿದಾಗ, ಯೂನಿಫಾರಂ ಕಂಪನಿಯ ಆಫೀಸಿನಲ್ಲಿದ್ದಾನೆ ಎಂದಿದ್ದೆ. ಭಾಸ್ಕರ ಹೋದದ್ದು ಟೈಲರಾಗಿ. ನಾನೇ ಹೊಲಿಗೆಯವಳು, ಆದರೂ ಆ ಮಾತು ಬಾಯಿಗೆ ಬರಲಿಲ್ಲ.

ಅಲ್ ಮಬೇಲಾ

ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದಾಗ ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗಾಯಿತು. ಹೊಗೆ ಮಾತ್ರ ಇಲ್ಲ. ಭಾಸ್ಕರ ನನ್ನ ಚೀಲ ಕಸಿದುಕೊಂಡ. ಮೊದಲು ಕೇಳಿದ್ದು, ಗಸಗಸೆ ತಂದಿಲ್ಲವಷ್ಟೆ ಎಂದು. ಆ ದೇಶದಲ್ಲಿ ಗಸಗಸೆ ತಂದವರನ್ನು ಹಿಡಿಯುತ್ತಾರಂತೆ. ಪಾಯಸಕ್ಕೆಂದು ಕಟ್ಟಿಟ್ಟದ್ದನ್ನು ಹೊರಡುವಾಗ ಶುಭಾ ತೆಗೆದಿದ್ದಳು. ಇಲ್ಲದಿದ್ದರೆ ನನ್ನ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು.

ಭಾಸ್ಕರನಿರುವುದು ಮಸ್ಕತ್ತಿನ ಅಂಚಿನ ಮಬೇಲಾದಲ್ಲಿ. ಮಬೇಲಾ ಎಂದರೆ ಎತ್ತರದ ಗೋಡೆ ಕಟ್ಟಿದ ಬಿಳಿ ಮನೆಗಳು, ನಡುನಡುವೆ ಟಯರಿನ ಅಂಗಡಿ, ಮರಗೆಲಸದ ಶೆಡ್ಡು, ಮಲಯಾಳಿಗಳ ಹೋಟೆಲು. ನಮ್ಮೂರಲ್ಲಿ ಅಂಗಳದಲ್ಲಿ ಯಾರು ಏನು ಒಣಗಿಸಿದ್ದಾರೆ ಎಂದು ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ. ಅಲ್ಲಿ ಗೋಡೆಯಾಚೆ ಜನ ಇದ್ದಾರೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಆ ಗೋಡೆಗಳು ನನಗೆ ಹಿಡಿಸಿದವು. ಕಾರಣ ಆಮೇಲೆ ಗೊತ್ತಾಯಿತು.

ಭಾಸ್ಕರನ ಅಂಗಡಿಯ ಬೋರ್ಡಿನಲ್ಲಿ ಹೊಲಿಗೆ ಮೆಷಿನಿನ ಚಿತ್ರ ಇತ್ತು. ಒಳಗೆ ಕಾಲಿಟ್ಟಾಗ ವಾಸನೆ ಮೂಗಿಗೆ ಹೊಡೆಯಿತು. ಗೋಡೆಗೆ ಕಂದು, ಕಪ್ಪು ಹಾಳೆಗಳ ಹಾಗೆ ಏನೋ ಜೋತಾಡುತ್ತಿತ್ತು. ಕೆಲವಕ್ಕೆ ಕೂದಲೂ ಇತ್ತು.

"ಎಂತದಾ ಇದ್ ವಾಸ್ನಿ?" ಎಂದೆ.

"ಚರ್ಮ ಅಕ್ಕ. ಬಟ್ಟಿ ಕೆಲ್ಸ ನಿಂತ್ ಹೋಯ್ತ್. ಈಗ ಇದೇ."

"ನಂಗ್ ಎಂತಕ್ ಹೇಳ್ಲಿಲ್ಲ?"

"ನೀ ಕೇಣ್ಲಿಲ್ಲ ಅಲ್ದಾ" ಎಂದು ನಕ್ಕ.

ನಮ್ಮ ತಂದೆ ವಾಚಿಗೆ ಚರ್ಮದ ಪಟ್ಟಿ ಇದೆಯೆಂದು ಅದನ್ನು ದೇವರ ಕೋಣೆಯ ಹೊರಗೆ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತಿದ್ದರು. ಚಪ್ಪಲಿ ಮುಟ್ಟಿದ ಕೈಯಲ್ಲಿ ನೀರಿನ ಚೊಂಬು ಮುಟ್ಟುವಂತಿರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದವನು ಎರಡೂ ಕೈಯಲ್ಲಿ ಮೇಕೆಯ ತೊಗಲು ಹಿಡಿದುಕೊಂಡು ನಗುತ್ತಿದ್ದ. ಆ ದಿನ ನಾನು ಅಡುಗೆಗೆ ಕೈ ಹಾಕುವ ಮೊದಲು ಅವನ ಪಾತ್ರೆಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಊಟಕ್ಕೆ ಕೂರುವ ಮುಂಚೆ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದ. ಅಲ್ಲಿದ್ದಷ್ಟು ದಿನವೂ ಹಾಗೇ ತೊಳೆದುಕೊಂಡ.

ಅವನು ಮಾಡುತ್ತಿದ್ದದ್ದು ಒಂದು ವಿಚಿತ್ರ ಚೀಲ. ಸ್ಕಾಟ್ಲೆಂಡಿನ ಗಂಡಸರು ಹಬ್ಬ, ಮದುವೆಗಳಿಗೆ ಕಿಲ್ಟ್ ಎಂಬ ಚೌಕಳಿ ಬಟ್ಟೆ ಉಡುತ್ತಾರೆ. ನೋಡಲು ಲಂಗದ ಹಾಗೆಯೇ, ಮೊಣಕಾಲಿನ ತನಕ. ಅದಕ್ಕೆ ಜೇಬಿಲ್ಲ. ನಮ್ಮವರು ಪಂಚೆಯ ಸೊಂಟದ ಮಡಿಕೆಯಲ್ಲಿ ಎಲೆಯಡಿಕೆ, ಚಿಲ್ಲರೆ ಸಿಕ್ಕಿಸಿಕೊಳ್ಳುವ ಹಾಗೆ ಸಿಕ್ಕಿಸಲು ಮಡಿಕೆಯೂ ಇಲ್ಲ. ಆದ್ದರಿಂದ ಹೊಟ್ಟೆಯ ಕೆಳಗೆ, ನಟ್ಟನಡುವೆ, ಒಂದು ಚೀಲ ತೂಗಿಸಿಕೊಳ್ಳುತ್ತಾರೆ. ಸ್ಪೋರನ್ ಎಂದು ಅದರ ಹೆಸರು. ಒಮಾನಿನ ಗಂಡಸರು ವಿಶೇಷದ ದಿನ ಸೊಂಟದ ನಡುವೆ ಖಂಜರ್ ಸಿಕ್ಕಿಸಿಕೊಳ್ಳುವುದನ್ನು ಆಮೇಲೆ ನೋಡಿದೆ. ಇವರಿಗೆ ಚೀಲ, ಅವರಿಗೆ ಕತ್ತಿ, ಜಾಗ ಒಂದೇ. ಆ ದೇಶದಲ್ಲಿ ಸ್ಕಾಟ್ಲೆಂಡಿನ ಇಂಜಿನಿಯರುಗಳು ಸಾಕಷ್ಟಿದ್ದರು. ಅವರ ವಾದ್ಯ ಊದುವ ಬ್ಯಾಂಡುಗಳೂ ಇದ್ದವು. ಪಾಕಿಸ್ತಾನದ ಸಿಯಾಲ್‌ಕೋಟಿನ ಒಬ್ಬ ಮುದುಕ, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ಭಾಸ್ಕರನಿಗೆ ಈ ಕೆಲಸ ಕಲಿಸಿದವನು. ಇಬ್ಬರೂ ಒಂದೇ ಹಲಗೆಯ ಎರಡು ಬದಿ ಕೂತು ಹೊಲಿಯುತ್ತಿದ್ದರು.

ಶುಕ್ರವಾರ ಸುಮಿತ್ರಾ ಅವರ ಮನೆಗೆ ಊಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಆಫೀಸಿನವನೆಂದು ಹೇಳಿದ್ದೇನೆ, ಹಾಗೇ ಹೇಳು, ಮದುವೆ ಮುಗಿಯುವ ತನಕ ಸಾಕು ಎಂದು ಭಾಸ್ಕರನನ್ನು ಕೇಳಿಕೊಂಡೆ. ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತದೆ ಆಗಲಿ ಎಂದ.

ಇಯಾನ್ ಬಂದ ದಿನ

ಭಾನುವಾರ ಅಂಗಡಿಗೆ ಒಬ್ಬ ಕೆಂಪು ಮುಖದ ದೊಡ್ಡ ಆಳು ಬಂದ. ಹೆಸರು ಇಯಾನ್. ರುಸೈಲಿನ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಕೆಲಸ ಮುಗಿಸಿ ಊರಿಗೆ ಹೊರಟಿದ್ದ. ಭಾಸ್ಕರ ನನ್ನನ್ನು ಪರಿಚಯಿಸಿದಾಗ ಕೈ ಜೋಡಿಸಿ ಅಕ್ಕ ಎಂದ. ಭಾಸ್ಕರ ಫೋನಿನಲ್ಲಿ ಹೇಳುವುದನ್ನು ಕೇಳಿ ಆ ಒಂದು ಪದ ಕಲಿತಿದ್ದನಂತೆ. ಅವನ ಜೊತೆ ಹೊಸದಾಗಿ ಬಂದ ಒಬ್ಬ ಹುಡುಗನಿದ್ದ. ಅವನಿಗೆ ಚೀಲ ಬೇಕಿತ್ತು.

ಚೀಲ ಆರಿಸುವುದನ್ನು ಆ ದಿನ ನೋಡಿದೆ. ನಾನು ರವಿಕೆಯ ಅಳತೆ ತೆಗೆಯುವುದಕ್ಕಿಂತ ಸೂಕ್ಷ್ಮ. ಮೊದಲು ಕಿಲ್ಟ್ ಉಟ್ಟು ನಿಲ್ಲಬೇಕು. ಸೊಂಟದ ಪಟ್ಟಿಯಿಂದ ಕೆಳಗೆ ಒಂದು ಅಂಗೈ ಜಾಗ ಬಿಟ್ಟು ಚೀಲದ ತಲೆ ಬರಬೇಕು. ಮೇಲಾದರೆ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಕೆಳಗಾದರೆ ನಡೆಯುವಾಗ ಬಡಿಯುತ್ತದೆ. ಎಲ್ಲಕ್ಕಿಂತ ಮೊದಲು ಎಲ್ಲಿಗೆ ಎಂದು ಕೇಳಬೇಕು. ಹಗಲಿನ ತಿರುಗಾಟಕ್ಕೆ, ಗೆಳೆಯರ ಕೂಟಕ್ಕೆ ಬರೀ ಚರ್ಮದ್ದು, ಮುಚ್ಚಳದ ಮೇಲೆ ಚರ್ಮದ್ದೇ ಕುಚ್ಚು, ತೂಗಿಸಲು ಚರ್ಮದ ಪಟ್ಟಿ. ಸಂಜೆಯ ದೊಡ್ಡ ಊಟಕ್ಕೆ ರೋಮ ಇರುವ ತೊಗಲು, ತಲೆಗೆ ಬೆಳ್ಳಿಯ ಪಟ್ಟಿ, ತೂಗಿಸಲು ಸರಪಣಿ. ಹುಡುಗ ಬೆಳ್ಳಿಯದ್ದಕ್ಕೇ ಕೈ ಹಾಕಿದ. ಎಲ್ಲಿಗೆ ಎಂದು ಕೇಳಿದರೆ ರಜೆಯಲ್ಲಿ ಗೆಳೆಯರೊಡನೆ ಗುಡ್ಡ ಹತ್ತಲು ಎಂದ. ಭಾಸ್ಕರ ಬೆಳ್ಳಿಯದ್ದನ್ನು ಮೆಲ್ಲನೆ ಅವನ ಕೈಯಿಂದ ತೆಗೆದು ಚರ್ಮದ್ದನ್ನು ಕಟ್ಟಿದ. ಆಮೇಲೆ ನನಗೆ ಹೇಳಿದ, ಹಗಲಿನದನ್ನು ಸಂಜೆ ಕಟ್ಟಿಕೊಂಡು ಹೋದರೆ ಮದುವೆಗೆ ಲುಂಗಿಯಲ್ಲಿ ಹೋದ ಹಾಗೆ ಎಂದು. ಇದನ್ನು ಅವನು ನನಗೆ ಹೇಳಿದ್ದ. ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ಹೊರಡುವಾಗ ಇಯಾನ್ ತನ್ನ ಹಳೆಯ ಕಿಲ್ಟ್ ಒಂದನ್ನು ಮಡಚಿ ಭಾಸ್ಕರನ ಕೈಗಿಟ್ಟ. ಬುಧವಾರ ಸಂಜೆ ಹೋಟೆಲಿನಲ್ಲಿ ಅವನ ಬೀಳ್ಕೊಡುಗೆಯ ಊಟ. ಇಷ್ಟು ವರ್ಷ ನಮಗೆಲ್ಲ ಚೀಲ ಕಟ್ಟಿದವನು ಆ ದಿನ ಗಿರಾಕಿಯಾಗಿ ಬರಬೇಕು, ಅಕ್ಕನೂ ಬರಬೇಕು ಎಂದ. ಅವನು ಹೋದ ಮೇಲೆ ಭಾಸ್ಕರ ಆ ಬಟ್ಟೆಯನ್ನು ಬಿಡಿಸಿ ನೋಡಿದ, ಮಡಚಿದ, ಮತ್ತೆ ಬಿಡಿಸಿದ.

ಬುಧವಾರ, ಮಬೇಲಾ

ಕಿಲ್ಟ್ ಉಡಿಸಲು ಹೋಗಿ ನಾನು ನೆರಿಗೆಯನ್ನು ಮುಂದಕ್ಕೆ ತಿರುಗಿಸಿದೆ. ನೆರಿಗೆ ಮುಂದೆ ಬರದೆ ಹಿಂದೆ ಬಂದರೆ ಅದೆಂಥ ಉಡುಗೆ? ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕು, ಭಾಸ್ಕರನನ್ನು ಬುಗುರಿಯ ಹಾಗೆ ತಿರುಗಿಸಿ ನಿಲ್ಲಿಸಿದ. ಕಿಲ್ಟಿನ ನೆರಿಗೆ ಹಿಂದೆಯೇ. ಮೂವರೂ ನಕ್ಕೆವು. ಆ ದೇಶದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ಆಮೇಲೆ ಭಾಸ್ಕರ ಹಲಗೆಯ ಮೇಲೆ ಎರಡು ಚೀಲ ಇಟ್ಟ. ಒಂದು ಬರೀ ಕಂದು ಚರ್ಮದ್ದು. ಇನ್ನೊಂದರ ಮುಂಭಾಗದಲ್ಲಿ ಮೇಕೆಯ ಬಿಳಿ ರೋಮ, ಮೇಲೆ ಬೆಳ್ಳಿಯ ಪಟ್ಟಿ. ಆ ಬೆಳ್ಳಿ ಕೆಲಸವನ್ನು ನಿಜ್ವಾ ಎಂಬ ಊರಿನ, ಖಂಜರಿಗೆ ಬೆಳ್ಳಿ ಕಟ್ಟುವ ಅಕ್ಕಸಾಲಿಗನಿಂದ ಮಾಡಿಸಿದ್ದ. ಎಳೆ ಎಳೆಯಾಗಿ ಸೂಕ್ಷ್ಮವಾದ ಬಳ್ಳಿ. ಅದನ್ನು ಯಾವ ಗಿರಾಕಿಗೂ ಕೊಟ್ಟಿರಲಿಲ್ಲ.

"ಇಷ್ಟ್ ವರ್ಷ ಬೇರೆಯರಿಗ್ ಕಟ್ಟಿ ಕಟ್ಟಿ ಸಾಕಾಯ್ತ್. ಇವತ್ತ್ ನಾ ಕಟ್ಕಂತೆ. ಯಾವ್ದ್ ಅಂದ್ ನೀನೇ ಹೇಳ್ ಅಕ್ಕ."

ಅವನ ಕಣ್ಣು ಬೆಳ್ಳಿಯ ಮೇಲಿತ್ತು. ನಾನು ಹೂಂ ಎಂದರೆ ಸಾಕಿತ್ತು. ನನ್ನ ಕಣ್ಣು ರೋಮದ ಮೇಲಿತ್ತು. ಕೂದಲಿರುವ ತೊಗಲನ್ನು ಹೊಟ್ಟೆಯ ಮೇಲೆ ತೂಗಿಸಿಕೊಂಡು ಹತ್ತು ಜನರ ನಡುವೆ ನಡೆದರೆ ಇವನ ಕಸುಬು ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಸಾದಾ ಚೀಲವಾದರೆ ಯಾರೂ ಗಮನಿಸಲಿಕ್ಕಿಲ್ಲ. ನಾನು ಕಂದು ಚೀಲ ತೋರಿಸಿದೆ. ಉಸ್ತಾದ್ ಏನೋ ಹೇಳಲು ಬಾಯಿ ತೆರೆದ. ಭಾಸ್ಕರ ಅವನ ಮೊಣಕೈ ಒತ್ತಿದ. ಸಂಜೆಯದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಹಗಲಿನದನ್ನು ಕಟ್ಟಿಕೊಂಡ.

ಬುಧವಾರ ಸಂಜೆ, ಹೋಟೆಲು

ಹೊರಗೆ ಬೆಂಕಿಯಂಥ ಗಾಳಿ, ಒಳಗೆ ಹೊದಿಕೆ ಬೇಕೆನಿಸುವಷ್ಟು ತಣ್ಣಗೆ. ಆ ಚಳಿಯಲ್ಲಿ ಉಣ್ಣೆಯ ಲಂಗ ಉಟ್ಟ ಗಂಡಸರು. ಎಲ್ಲರ ಹೊಟ್ಟೆಯ ಕೆಳಗೂ ಬೆಳ್ಳಿ ಮಿನುಗುತ್ತಿತ್ತು. ಭಾಸ್ಕರ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅಷ್ಟು ಜನರಲ್ಲಿ ಹಗಲಿನ ಚೀಲ ಕಟ್ಟಿಕೊಂಡವನು ಅವನೊಬ್ಬನೇ. ಗುರುತಾಗಬಾರದೆಂದು ನಾನು ಆರಿಸಿದ್ದು, ಅದರಿಂದಲೇ ಅವನು ಎದ್ದು ಕಾಣುತ್ತಿದ್ದ. ಇಯಾನ್ ಬಂದವನು ಅವನ ಚೀಲ ನೋಡಿ ಹುಬ್ಬೇರಿಸಿದ. ಭಾಸ್ಕರ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರಲ್ಲಿ ಅಕ್ಕ ಎಂಬ ಮಾತಿತ್ತು, ನನ್ನ ಕಡೆ ಕೈ ತೋರಿಸಿದ. ಇಯಾನ್ ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದ. ಅಕ್ಕ ಆರಿಸಿದ್ದು ಎಂದು ತಮ್ಮ ಹೆಮ್ಮೆಯಿಂದ ಹೇಳಿದ್ದಾನೆಂದು ತಿಳಿಯಲು ಇಂಗ್ಲಿಷು ಬೇಕಾಗಿರಲಿಲ್ಲ.

ನಾನು ಒಂದು ಮೂಲೆಯ ಮೇಜಿನಲ್ಲಿ ಕೂತೆ. ಭಾಸ್ಕರ ಹಣ್ಣಿನ ರಸ ತರಲು ಹೋದ. ಆಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು.

"ಏನ್ರೀ ಗಿರಿಜಾ, ನೀವಿಲ್ಲಿ!"

ಸುಮಿತ್ರಾ ಅವರು. ಪಕ್ಕದಲ್ಲಿ ಗಂಡ. ಇಯಾನ್ ಅವರದೇ ಕಾರ್ಖಾನೆಯ ಮ್ಯಾನೇಜರು. ರುಸೈಲಿನಲ್ಲಿ ಕಾರ್ಖಾನೆಗಳು ಬೇಕಾದಷ್ಟಿವೆ, ಇದೇ ಅದು ಎಂದು ನನಗೆ ಹೊಳೆದಿರಲಿಲ್ಲ.

ನಿಮ್ಮ ತಮ್ಮ ಎಲ್ಲಿ ಎಂದು ಅವರು ಸುತ್ತ ನೋಡಿದರು. ಅಷ್ಟರಲ್ಲಿ ಗಂಡ ನಗುತ್ತ ಭಾಸ್ಕರನ ಕಡೆ ಗದ್ದ ಚಾಚಿದರು. ಅವನು ಮಬೇಲಾದ ಚರ್ಮದವನು, ಬ್ಯಾಗು ಚಪ್ಪಲಿ ಹೊಲೀತಾನೆ, ಇಯಾನ್ ಅವನಿಗೂ ಲಂಗ ಉಡಿಸಿಬಿಟ್ಟಿದ್ದಾರೆ ಎಂದರು. ಸುಮಿತ್ರಾ ಅವರೂ ನಕ್ಕರು. ಕೆಟ್ಟ ನಗುವಲ್ಲ, ಮದುವೆ ಮನೆಯಲ್ಲಿ ಒಬ್ಬರಿಗೊಬ್ಬರು ನಗುವಂಥದ್ದೇ. ಭಾಸ್ಕರ ರಸದ ಲೋಟ ಹಿಡಿದು ನಮ್ಮ ಕಡೆಗೇ ಬರುತ್ತಿದ್ದ.

"ತಮ್ಮ ಸಲಾಲಾಕ್ಕೆ ಹೋಗಿದ್ದಾನೆ, ಆಫೀಸಿನ ಕೆಲಸ" ಎಂದೆ. "ಇವರು ಅವನ ಪರಿಚಯದವರು. ನನ್ನನ್ನು ಕಾರಿನಲ್ಲಿ ಕರೆದುಕೊಂಡು ಬಂದವರು."

ಭಾಸ್ಕರ ಮೇಜಿನ ಹತ್ತಿರ ಬಂದಾಗಿತ್ತು. ಕೇಳಿಸಿತು. ಲೋಟವನ್ನು ಮೆಲ್ಲನೆ ನನ್ನ ಮುಂದಿಟ್ಟ. ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದು ಕರೆದವನು, ನನ್ನ ಬೆನ್ನ ಮೇಲೆ ಬೆಳೆದವನು.

"ಮೇಡಂ, ನಿಮ್ಮ ತಮ್ಮ ಸಲಾಲಾದಿಂದ ಫೋನು ಮಾಡಿದ್ದರು" ಎಂದ. "ಊಟ ಆದ ಮೇಲೆ ನಿಮ್ಮನ್ನು ಜಾಗ್ರತೆಯಾಗಿ ಮನೆಗೆ ಬಿಡಲಿಕ್ಕೆ ಹೇಳಿದ್ದಾರೆ."

ದೂರದಿಂದ ಇಯಾನ್ ಅಕ್ಕ ಎಂದು ಕೂಗುತ್ತ ನಮ್ಮ ಮೇಜಿನತ್ತ ಹೊರಟದ್ದು ಕಾಣಿಸಿತು. ಭಾಸ್ಕರ ಬೇಗ ಬೇಗ ಹೋಗಿ ಅವನ ತೋಳು ಹಿಡಿದು ಬ್ಯಾಂಡಿನವರ ಕಡೆ ಎಳೆದುಕೊಂಡು ಹೋದ. ಸುಮಿತ್ರಾ ಅವರು ಒಳ್ಳೇ ಮನುಷ್ಯ ಪಾಪ, ಎಷ್ಟು ವಿನಯ ಎಂದರು. ಹೌದು ಎಂದೆ.

ಬರುವಾಗ ಕಾರಿನಲ್ಲಿ ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಸುಮಿತ್ರಾ ಅವರು ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿದ್ದರು. ಭಾಸ್ಕರ ಹಿಂದಿನ ಬಾಗಿಲು ತೆರೆದು ಹಿಡಿದ. ನಾನು ಹಿಂದೆ ಕೂತೆ.

ಹೈಮಾ

ಮರುದಿನ ನಾನು ಏಳುವಷ್ಟರಲ್ಲಿ ಅವನು ಸಣ್ಣ ಚೀಲ ಕಟ್ಟಿ ನಿಂತಿದ್ದ.

"ನೀ ಹೇಳಿದ್ದ್ ಸುಳ್ಳಾಪ್ದ್ ಬ್ಯಾಡ ಅಕ್ಕ. ಸಲಾಲಾಕ್ಕ್ ಹೋಪ."

ಅಲ್ಲಿನ ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ಗಿರಾಕಿಗೆ ಚೀಲ ಕೊಡಲಿಕ್ಕಿತ್ತು. ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದರೂ ಆಗುತ್ತಿತ್ತು. ಅವನ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಶುಕ್ರವಾರದ ಊಟವನ್ನು ಮುಂದೆ ಹಾಕಲು ಸುಮಿತ್ರಾ ಅವರಿಗೆ ನಾನೇ ಫೋನು ಮಾಡಿದೆ. ತಮ್ಮ ಅಲ್ಲಿಗೇ ಕರೆಸಿಕೊಳ್ಳುತ್ತಿದ್ದಾನೆ ಎಂದೆ.

ಸಲಾಲಾ ಬಹಳ ದೂರ. ಬೆಳಿಗ್ಗೆ ಹೊರಟ ಬಸ್ಸು ಹಗಲೆಲ್ಲ ಓಡಿದರೂ ಕಿಟಕಿಯ ಹೊರಗೆ ಅದೇ ಬೂದು ನೆಲ, ಅದೇ ಆಕಾಶ. ಗಂಗೊಳ್ಳಿಯ ಮೀನುಗಾರರು ಸಮುದ್ರದಲ್ಲಿ ದಡ ಕಾಣದಾಗ ಹೀಗೇ ಇರುತ್ತದೆ ಎನ್ನುತ್ತಿದ್ದರು. ಹೆಂಗಸರನ್ನು ಮುಂದಿನ ಸೀಟಿನಲ್ಲಿ ಕೂರಿಸುವುದು ಅಲ್ಲಿನ ಪದ್ಧತಿ. ನನ್ನ ಪಕ್ಕದಲ್ಲಿ ಒಬ್ಬ ಒಮಾನಿ ಅಜ್ಜಿ. ಮೂಗಿನ ಮೇಲೆ ಮುಖವಾಡದ ಹಾಗೆ ಕಪ್ಪು ಬಟ್ಟೆಯ ಪಟ್ಟಿ. ಫ್ಲಾಸ್ಕಿನಿಂದ ಕಹಿಯಾದ ಕಾಫಿ ಬಗ್ಗಿಸಿ ಕೊಟ್ಟರು, ಖರ್ಜೂರ ಕೊಟ್ಟರು. ಬಟ್ಟಲು ಖಾಲಿಯಾದಾಗಲೆಲ್ಲ ತುಂಬಿಸಿದರು. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕಂತೆ. ನನಗೆ ಗೊತ್ತಿರಲಿಲ್ಲ, ಕುಡಿದೇ ಕುಡಿದೆ.

ನಡುದಾರಿಯ ಹೈಮಾ ಎಂಬಲ್ಲಿ ಬಸ್ಸು ನಿಂತಿತು. ಒಂದು ಪೆಟ್ರೋಲ್ ಬಂಕು, ಒಂದು ಹೋಟೆಲು, ಉಳಿದಂತೆ ಗಾಳಿ. ಭಾಸ್ಕರ ನನಗೆ ನೀರು ತಂದುಕೊಟ್ಟ. ಅಜ್ಜಿ ಅವನನ್ನು ತೋರಿಸಿ ಕಣ್ಣಿನಲ್ಲೇ ಯಾರು ಎಂದು ಕೇಳಿದರು.

"ಭಾಯಿ" ಎಂದೆ. ಎದೆಗೆ ಕೈ ಮುಟ್ಟಿಸಿ, ಅವನತ್ತ ತೋರಿಸಿ, ಇನ್ನೊಮ್ಮೆ "ಭಾಯಿ, ನನ್ನ ತಮ್ಮ" ಎಂದೆ.

ಒಂದಿಷ್ಟೂ ತಡವರಿಸಲಿಲ್ಲ. ಅಜ್ಜಿಗೆ ಅರ್ಥವಾಯಿತು. ಅವನನ್ನು ಹತ್ತಿರ ಕರೆದು ಅಂಗೈ ತುಂಬ ಖರ್ಜೂರ ಸುರಿದರು. ಭಾಸ್ಕರ ಖರ್ಜೂರ ಹಿಡಿದು ನನ್ನನ್ನೇ ನೋಡಿದ. ಅಷ್ಟು ಸುಲಭದ ಮಾತು ಅದು. ಹೆಸರೂ ಭಾಷೆಯೂ ಗೊತ್ತಿಲ್ಲದವರ ಮುಂದೆ ಬಂತು.

ಸಲಾಲಾ

ಸಲಾಲಾ ಇನ್ನೇನು ಬಂತು ಎನ್ನುವಾಗ ಬಸ್ಸಿನ ಗಾಜಿನ ಮೇಲೆ ಹನಿ ಬಿತ್ತು. ಗುಡ್ಡ ಇಳಿದರೆ ಹಸಿರು. ಇಡೀ ದೇಶ ಬೇಯುತ್ತಿರುವಾಗ ಆ ಒಂದು ಮೂಲೆಯಲ್ಲಿ ಸೋನೆ. ಅದನ್ನು ಅವರು ಖರೀಫ್ ಎನ್ನುತ್ತಾರೆ. ತೆಂಗಿನ ತೋಟ, ಬಾಳೆ, ಪಪ್ಪಾಯಿ, ರಸ್ತೆಯ ಬದಿಗೆ ಎಳನೀರಿನ ಅಂಗಡಿಗಳ ಸಾಲು. ಕುಂದಾಪುರ ಎಂದು ಕಣ್ಣು ಮುಚ್ಚಿ ನಂಬಬಹುದಿತ್ತು. ಒಂದೇ ವ್ಯತ್ಯಾಸ, ನಮ್ಮಲ್ಲಿ ಮಳೆ ಬಂದರೆ ಜನ ಒಳಗೆ ಓಡುತ್ತಾರೆ. ಅಲ್ಲಿ ಮಕ್ಕಳು ಮರಿ ಸಮೇತ ಚಾಪೆ ಹಿಡಿದು ಹೊರಗೆ ಬರುತ್ತಾರೆ. ನೆನೆಯುತ್ತ ಕೂತು ಉಣ್ಣುತ್ತಾರೆ.

ಮರುದಿನ ಬಂದರಿನ ಗಿರಾಕಿಗೆ ಚೀಲ ಮುಟ್ಟಿಸಿ ಬಂದ ಮೇಲೆ ಭಾಸ್ಕರ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹಸಿಮಣ್ಣಿನಲ್ಲಿ ನಡೆದ. ಎಳನೀರಿನ ಅಂಗಡಿಯ ತಟ್ಟಿಯ ಕೆಳಗೆ ಕೂತೆವು. ಅವನು ಗಂಜಿ ಕೆರೆದು ಕೊಟ್ಟ. ನಾನು ಅವನ ಕೈಯಿಂದಲೇ ತೆಗೆದುಕೊಂಡು ತಿಂದೆ. ಕೈ ತೊಳೆದನೋ ಇಲ್ಲವೋ ಎಂದು ನೋಡಲಿಲ್ಲ. ಅದು ಅವನ ಗಮನಕ್ಕೆ ಬಂತು.

ಎಳನೀರಿನ ಬುರುಡೆಯನ್ನು ಬದಿಗಿಟ್ಟು ಕೇಳಿದ, "ಇನ್ ನಾ ಮದಿಗ್ ಬಪ್ಪುಕಾತ್ತಿಲ್ಲ ಅಲ್ದಾ ಅಕ್ಕ?"

ಆ ಎರಡು ದಿನ ನಾನು ಯೋಚಿಸದೆ ಮುಚ್ಚಿಟ್ಟಿದ್ದ ಮಾತು ಅದು. ಸುಮಿತ್ರಾ ಅವರು ಅವನ ಮುಖ ನೋಡಿದ್ದಾರೆ. ಚರ್ಮದವನು, ಕಾರು ಬಿಡುವವನು ಎಂದು ತಿಳಿದಿದ್ದಾರೆ. ಮಂಟಪದಲ್ಲಿ ಶುಭಾಳ ಕೈ ಹಿಡಿದು ಅದೇ ಮನುಷ್ಯ ಬಂದರೆ ಬೀಗರ ಮುಂದೆ ನಾನು ಏನಾಗುತ್ತೇನೆ?

ಊರಿಗೆ ಹೋಗಿ ಎಲ್ಲ ಸರಿ ಮಾಡುತ್ತೇನೆ ಎಂದೆ. ಭಾಸ್ಕರ ಕಿಸೆಯಿಂದ ಮೊಬೈಲು ತೆಗೆದ. ಸುಮಿತ್ರಾ ಅವರ ನಂಬರು ಅದರಲ್ಲಿತ್ತು, ಹಿಂದಿನ ದಿನ ನಾನೇ ಅದರಿಂದ ಮಾತಾಡಿದ್ದೆ.

"ಈಗ್ಳೇ ಹೇಳ್. ತಪ್ಪಾಯ್ತ್ ಅಂದ್ರ್ ಮುಗೀತ್. ಬೈದ್ರೆ ನನ್ಗ್ ಕೊಡ್, ನಾ ಬೈಸ್ಕಂತೆ."

ಮೊಬೈಲನ್ನು ನನ್ನತ್ತ ಚಾಚಿ ಹಿಡಿದ. ತಟ್ಟಿಯಿಂದ ಹನಿ ಅವನ ಕೈಯ ಮೇಲೆ ಬೀಳುತ್ತಿತ್ತು. ಮಳೆಯ ಸದ್ದಿಗೆ ಸರಿಯಾಗಿ ಕೇಳಿಸಲಿಕ್ಕಿಲ್ಲ, ಆಮೇಲೆ ಮಾಡುವ ಎಂದೆ. ಸಲಾಲಾದ ಸೋನೆಗೆ ಸದ್ದೇ ಇಲ್ಲ. ಎಲೆಯ ಮೇಲೆ ಬಿದ್ದದ್ದೂ ಕೇಳಿಸುವುದಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಯೇ ಇದ್ದ. ಆಮೇಲೆ ಮೊಬೈಲನ್ನು ಅಂಗಿಗೆ ಒರೆಸಿ ಒಳಗಿಟ್ಟ.

ಮಸ್ಕತ್ತು

ಮರಳಿ ಬಂದ ಮೇಲೆ ಸುಮಿತ್ರಾ ಅವರ ಮನೆಗೆ ನಾನೊಬ್ಬಳೇ ಹೋದೆ. ಭಾಸ್ಕರ ಗೇಟಿನ ಹೊರಗೆ ಕಾರಿನಲ್ಲಿ ಕೂತ. ತಮ್ಮನಿಗೆ ಸಲಾಲಾದಲ್ಲಿ ಕೆಲಸ ಮುಗಿದಿಲ್ಲ ಎಂದೆ. ಸುಮಿತ್ರಾ ಅವರು ಬಹಳ ಪ್ರೀತಿಯಿಂದ ಬಡಿಸಿದರು. ನಾನು ಹೊರಡುವಾಗ ಒಂದು ಡಬ್ಬಿಯಲ್ಲಿ ಬಿಸಿಬೇಳೆಬಾತು, ಇನ್ನೊಂದರಲ್ಲಿ ಕೇಸರಿಬಾತು ಹಾಕಿ, ಪಾಪ ಡ್ರೈವರು ಬಿಸಿಲಲ್ಲಿ ಕೂತಿದ್ದಾನೆ, ಅವನಿಗೂ ಕೊಡಿ ಎಂದರು. ಒಳ್ಳೆಯ ಹೆಂಗಸು. ನಾನು ನಿಜ ಹೇಳಿದ್ದರೆ ಏನಾಗುತ್ತಿತ್ತು ಎಂದು ಆ ಡಬ್ಬಿ ಹಿಡಿದುಕೊಂಡು ಬರುವಾಗ ನನಗೆ ಮೊದಲ ಸಲ ಅನುಮಾನ ಬಂತು. ಭಾಸ್ಕರ ಕಾರಿನಲ್ಲೇ ಉಂಡ. ತುಪ್ಪ ಲಾಯಕ್ಕುಂಟು, ಶುಭಾ ಒಳ್ಳೇ ಮನೆ ಸೇರುತ್ತಾಳೆ ಎಂದ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಆ ಕಂದು ಚೀಲವನ್ನು ನನ್ನ ಕೈಗಿಟ್ಟ.

"ನೀನ್ ಆರ್ಸಿದ್ದ್, ನೀನೇ ಇಟ್ಕ. ಇದ್ ಹಗಲಿಂದ್ ಅಕ್ಕ. ಹಗಲ್ಹೊತ್ತಿಗ್ ಎಲ್ಲಿಗೂ ಹಿಡ್ಕಂಡ್ ಹೋಯ್ಲಕ್ಕ್."

ನಾನು ಅದನ್ನು ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟೆ.

ಕುಂದಾಪುರ

ಊರಿಗೆ ಬಂದು ಏನೂ ಸರಿ ಮಾಡಲಿಲ್ಲ. ಬೀಗರು ಮನೆಗೆ ಬರುವರೆಂದು ಚಾವಡಿಯ ಗೋಡೆಯಲ್ಲಿದ್ದ, ಹೆಣ್ಣು ನೋಡಲು ಬಂದಾಗ ಅವರು ಗಮನಿಸಿರದ ಭಾಸ್ಕರನ ಫೋಟೊ ತೆಗೆದು, ಬೆಳ್ಳಗೆ ಉಳಿದ ಚೌಕದ ಮೇಲೆ ಕ್ಯಾಲೆಂಡರು ತೂಗಿಸಿದೆ. ದೀಪಾವಳಿ ಹತ್ತಿರ ಬಂದಾಗ ಭಾಸ್ಕರನೇ ಫೋನು ಮಾಡಿ, ರಜೆ ಸಿಗಲಿಲ್ಲ ಎಂದ. ಅವನ ಅಂಗಡಿಯಲ್ಲಿ ಅವನಿಗೆ ರಜೆ ಕೊಡಬೇಕಾದವರು ಯಾರೂ ಇರಲಿಲ್ಲ. ಶುಭಾ ಆ ದಿನ ಊಟ ಮಾಡಲಿಲ್ಲ. ಮದುವೆಯಲ್ಲಿ ಅವಳನ್ನು ಮಂಟಪಕ್ಕೆ ಕರೆತಂದವನು ನನ್ನ ಚಿಕ್ಕಪ್ಪನ ಮಗ. ಅವಳು ಛತ್ರದ ಬಾಗಿಲ ಕಡೆ ನೋಡುತ್ತಲೇ ಬಂದಳು.

ಧಾರೆ ಮುಗಿದ ಮೇಲೆ ಸುಮಿತ್ರಾ ಅವರು ಒಂದು ಪೊಟ್ಟಣ ತಂದುಕೊಟ್ಟರು. ನಿಮ್ಮ ತಮ್ಮ ಶುಭಾಳಿಗೆಂದು ಕಳಿಸಿದ್ದಾರೆ, ಆ ದಿನ ಪಾರ್ಟಿಯಲ್ಲಿದ್ದ ಮಬೇಲಾದವನು ಮನೆಗೇ ಬಂದು ಕೊಟ್ಟ ಎಂದರು. ಬಿಚ್ಚಿದೆ. ನಿಜ್ವಾದ ಬೆಳ್ಳಿಯ ಪಟ್ಟಿ, ಅದೇ ಬಳ್ಳಿಯ ಕೆಲಸ. ಸರಪಣಿಯನ್ನು ಕೈಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದು ಮಾಡಿದ್ದ. ಸಂಜೆಯ ಚೀಲ. ಆದರೆ ಮೇಕೆಯ ರೋಮ ಇರಲಿಲ್ಲ. ಅದನ್ನು ಕಿತ್ತು ಹಸಿರು ರೇಷ್ಮೆ ಹೊಲಿದಿದ್ದ. ಒಳಗೆ ಕೈ ಹಾಕಿ ನೋಡಿದೆ, ಅಡಿಯಲ್ಲಿ, ಅಂಚಿನಲ್ಲಿ, ಹೊಲಿಗೆಯ ಸಂದಿಯಲ್ಲಿ. ಚರ್ಮದ ಒಂದು ತುಣುಕೂ ಇರಲಿಲ್ಲ. ಮದುವೆ ಮನೆಯಲ್ಲಿ ಯಾರ ಕೈಗೂ ಮೈಲಿಗೆಯಾಗದ ಹಾಗೆ ಮಾಡಿ ಕಳಿಸಿದ್ದ.

"ಅವನಿಗೂ ನಿಮ್ಮ ತಮ್ಮನಿಗೂ ತುಂಬ ಸ್ನೇಹ ಅಂತ ಕಾಣುತ್ತೆ ಕಣ್ರೀ" ಎಂದರು ಸುಮಿತ್ರಾ. "ಕೊಡುವಾಗ ಅವನ ಕಣ್ಣು ತುಂಬಿತ್ತು."

ಇನ್ನೊಂದು ಅವಕಾಶ ಅದು. ಸುತ್ತ ಜನ ಇದ್ದರು, ಆದರೆ ವಾದ್ಯ ನಿಂತಿತ್ತು, ಮೆಲ್ಲನೆ ಹೇಳಿದರೂ ಕೇಳಿಸುತ್ತಿತ್ತು.

"ಹೌದು, ಅವರು ಬಹಳ ಒಳ್ಳೆಯವರು" ಎಂದೆ.

ಭಾಸ್ಕರ ಈಗಲೂ ಮಬೇಲಾದಲ್ಲಿದ್ದಾನೆ. ಉಸ್ತಾದ್ ಊರಿಗೆ ಹೋದ ಮೇಲೆ ಆ ಹಲಗೆಯ ಎದುರು ಒಬ್ಬನೇ ಕೂರುತ್ತಾನೆ. ಆಮೇಲೆ ಊರಿಗೆ ಬಂದಿಲ್ಲ. ಶುಕ್ರವಾರ ಫೋನು ಮಾಡಿದರೆ ಶುಭಾಳನ್ನು ಕೇಳುತ್ತಾನೆ, ಮಳೆಯನ್ನು ಕೇಳುತ್ತಾನೆ. ಮಾತಿನ ನಡುವೆ ಕೆಲವೊಮ್ಮೆ ಮರೆತು ನನ್ನನ್ನು ನೀವು ಎಂದುಬಿಡುತ್ತಾನೆ.

ಸುಮಿತ್ರಾ ಅವರು ಮಸ್ಕತ್ತಿಗೂ ಕನ್ನಡ ವಾರಪತ್ರಿಕೆ ತರಿಸಿಕೊಂಡು ಓದುತ್ತಾರೆ. ಅಚ್ಚಾದರೆ ಇದೂ ಅವರ ಕೈಗೆ ಬೀಳುತ್ತದೆ. ಬೀಳಲಿ ಎಂದೇ ಬರೆದಿದ್ದೇನೆ. ಸುಮಿತ್ರಾ ಅವರೇ, ಆ ಸಂಜೆ ಎಲ್ಲರ ನಡುವೆ ಹಗಲಿನ ಚೀಲ ಕಟ್ಟಿಕೊಂಡು ನಿಂತಿದ್ದವನು, ನೀವು ಕೇಸರಿಬಾತು ಕಳಿಸಿದ ಡ್ರೈವರು, ನನ್ನ ತಮ್ಮ ಭಾಸ್ಕರ. ಕಟ್ಟಿಕೊಳ್ಳಬೇಕಾದದ್ದು ಬೇರೆ ಚೀಲ ಎಂದು ಅವನಿಗೆ ಗೊತ್ತಿತ್ತು. ಇದನ್ನು ಆರಿಸಿದವಳು ನಾನು.